ಬೇವಿನ ಮರದ ಬಾಚಣಿಗೆ: ಎರಡೂವರೆ ವರ್ಷ ಬ್ಯಾಗಲ್ಲಿಟ್ಟುಕೊಂಡು ಓಡಾಡಿದ ಮೇಲೆ

ನನ್ನ ಕೂದಲು ತುಂಬಾ ತೆಳು. ಉದ್ದ ಪರವಾಗಿಲ್ಲ, ಆದರೆ ಒಂದೊಂದು ಎಳೆಯೂ ರೇಷ್ಮೆ ನೂಲಿನಷ್ಟು ಸಣ್ಣ. ಸಂಕ್ರಾಂತಿ ಹೊತ್ತಿಗೆ ಗಾಳಿ ಒಣಗಿತು ಅಂದರೆ ಬಾಚಿದಷ್ಟೂ ಏಳುತ್ತದೆ. ಮಂಡ್ಯದಿಂದ ಮೈಸೂರಿಗೆ ದಿನಾ ಟ್ರೈನಲ್ಲಿ ಓಡಾಡುವವಳು ನಾನು. ಸುಮಾರು 45 ಕಿಲೋಮೀಟರ್ ದಾರಿ. ಮನೆಯಲ್ಲಿ ನೀಟಾಗಿ ಜಡೆ ಹಾಕಿಕೊಂಡು ಹೊರಟರೂ ಪಾಂಡವಪುರ ದಾಟುವಷ್ಟರಲ್ಲಿ ಹಣೆ ಮೇಲಿನದು, ಕಿವಿ ಪಕ್ಕದ್ದು ಎಲ್ಲಾ ಎದ್ದು ನಿಂತಿರುತ್ತಿತ್ತು. ಶ್ರೀರಂಗಪಟ್ಟಣ ಬರುವಾಗ ಪ್ಲಾಸ್ಟಿಕ್ ಬಾಚಣಿಗೆ ತೆಗೆದು ಬಾಚಿದರೆ ಚಟಚಟ ಸದ್ದು. ಕೂದಲು ಇನ್ನೂ ಜಾಸ್ತಿ ಹಾರುವುದು. ನಮ್ಮಜ್ಜಿ ಹೇಳೋರು: “ಎಣ್ಣೆ ಕಾಣದ ತಲೆ ಕಣವ್ವ ಅದು, ಹಾರ್ದೆ ಇನ್ನೇನ್ ಮಾಡ್ತದೆ?” ಅರ್ಧ ನಿಜವೇ.

ಮರದ ಬಾಚಣಿಗೆ ಕೊಂಡಿದ್ದು ಮೈಸೂರಲ್ಲಿ, ದೇವರಾಜ ಮಾರ್ಕೆಟ್ ಕಡೆ ಹೋದಾಗ. ಮೊದಲನೆಯದಕ್ಕೆ ಕೊಟ್ಟ ದುಡ್ಡು ದಂಡ. ಫಳಫಳ ಹೊಳೆಯುತ್ತಿತ್ತು, ಅದನ್ನೇ ನೋಡಿ ಮರುಳಾದೆ. ಮೇಲೆಲ್ಲಾ ದಪ್ಪ ವಾರ್ನಿಷ್. ಕೂದಲಿಗೆ ತಾಗುವುದು ಮರವೇ ಅಲ್ಲ, ಬಣ್ಣ! ಪ್ಲಾಸ್ಟಿಕ್‌ಗೂ ಅದಕ್ಕೂ ನನಗೇನೂ ವ್ಯತ್ಯಾಸ ಕಾಣಲಿಲ್ಲ. ಎರಡು ವಾರ ಬಿಟ್ಟು ಬೇರೆ ಅಂಗಡಿಯಲ್ಲಿ 150 ರೂಪಾಯಿ ಕೊಟ್ಟು ಬಣ್ಣ ಬಳಿಯದ, ಬಿಳಿಚಿಕೊಂಡ ಹಾಗಿದ್ದ ಒಂದನ್ನು ತಂದೆ. ಅಗಲ ಹಲ್ಲಿನದು. ಮೊದಮೊದಲು ಬೇವಿನ ಕಹಿ ವಾಸನೆ ಇತ್ತು, ತಿಂಗಳೊಳಗೆ ಹೋಯಿತು. ಈ ವಿಮರ್ಶೆ ಅದರದ್ದೇ.

ಕೆಲಸ ಮಾಡುತ್ತಾ? ಮಾಡುತ್ತದೆ. ನನ್ನ ಮಗಳು ಸ್ಕೂಲಿನಲ್ಲಿ ಕಲಿತ ಆಟವನ್ನು ಒಂದು ಜನವರಿ ರಾತ್ರಿ ಮನೆಯಲ್ಲಿ ಮಾಡಿ ನೋಡಿದಳು. ಪೇಪರ್ ಚೂರು ಹರಿದು ಮೇಜಿನ ಮೇಲೆ ಹರಡಿದಳು. ನನ್ನ ಒಣ ತಲೆಯನ್ನು ಪ್ಲಾಸ್ಟಿಕ್ ಬಾಚಣಿಗೆಯಲ್ಲಿ ಹತ್ತು ಸಲ ಬಾಚಿ ಹತ್ತಿರ ಹಿಡಿದರೆ ಚೂರುಗಳೆಲ್ಲ ಎದ್ದು ಬಂದು ಅಂಟಿಕೊಂಡವು. ಮರದ್ದರಲ್ಲಿ ಬಾಚಿ ಹಿಡಿದರೆ ಒಂದೂ ಅಲುಗಲಿಲ್ಲ. ಕೂದಲಿಗೆ ಪ್ಲಾಸ್ಟಿಕ್ ಉಜ್ಜಿದಾಗ ಎಲೆಕ್ಟ್ರಾನ್‌ಗಳು ಕೂದಲಿಂದ ಬಾಚಣಿಗೆಗೆ ಹೋಗುತ್ತವೆ. ಉಳಿದ ಎಳೆಗಳೆಲ್ಲ ಒಂದೇ ಥರದ ಚಾರ್ಜ್ ಆಗಿ ಒಂದನ್ನೊಂದು ದೂರ ತಳ್ಳುತ್ತವೆ, ಅದಕ್ಕೇ ನೆಟ್ಟಗೆ ನಿಲ್ಲುವುದು. ಮರದಲ್ಲಿ ಈ ಕೊಡುಕೊಳ್ಳುವಿಕೆ ಕಡಿಮೆ, ಮರದಲ್ಲಿರುವ ತೇವವೂ ಚಾರ್ಜ್ ನಿಲ್ಲಲು ಬಿಡುವುದಿಲ್ಲ. ಗಾಳಿಯಲ್ಲಿ ತೇವ ಇದ್ದರೂ ಅಷ್ಟೇ, ಚಾರ್ಜ್ ತಾನಾಗಿ ಸೋರಿ ಹೋಗುತ್ತದೆ. ಆಷಾಢದ ಜಡಿಮಳೆಯಲ್ಲಿ ಯಾವ ಬಾಚಣಿಗೆ ಆದರೂ ನಡೆಯುತ್ತೆ ಬಿಡಿ.

ನಿಜವಾದ ಪರೀಕ್ಷೆ ಆಗಿದ್ದು ಜನವರಿಯಲ್ಲಿ ಒಂದು ಮದುವೆಗೆ ದೆಹಲಿಗೆ ಹೋದಾಗ. ವಿಮಾನದೊಳಗಿನ ಗಾಳಿ ಭಯಂಕರ ಒಣ, ತೇವ ಸಾಮಾನ್ಯವಾಗಿ ಶೇ 20ಕ್ಕಿಂತ ಕಡಿಮೆ ಇರುತ್ತದಂತೆ. ಅದರ ಜೊತೆ ನನ್ನ ಪಾಲಿಯೆಸ್ಟರ್ ದುಪಟ್ಟಾ, ಮೇಲೊಂದು ಸ್ವೆಟರ್. ಇಳಿಯುವಾಗ ಸ್ವೆಟರ್ ತಲೆ ಮೇಲಿಂದ ತೆಗೆದೆ ನೋಡಿ, ಪಕ್ಕದ ಸೀಟಿನ ಮಗು ನನ್ನನ್ನೇ ನೋಡಿ ನಗುತ್ತಿತ್ತು. ಮರದ ಬಾಚಣಿಗೆ ಒಂದರಿಂದಲೇ ಅಲ್ಲಿ ಏನೂ ಆಗಲಿಲ್ಲ. ಅದು ಹೊಸದಾಗಿ ಚಾರ್ಜ್ ಸೇರಿಸುವುದಿಲ್ಲ ಅಷ್ಟೇ, ಬಟ್ಟೆ ಹುಟ್ಟಿಸಿದ್ದನ್ನು ಪೂರ್ತಿ ತೆಗೆಯುವುದೂ ಇಲ್ಲ. ಕೊಬ್ಬರಿ ಎಣ್ಣೆ ಹಚ್ಚೋಣ ಅಂತ ರೂಮಿಗೆ ಹೋಗಿ ಬಾಟಲಿ ತೆಗೆದರೆ ಕಲ್ಲಾಗಿತ್ತು. ಆ ಚಳಿಗೆ ಎಣ್ಣೆ ಗಟ್ಟಿಯಾಗದೇ ಇರುತ್ತಾ! ಉಗುರಲ್ಲಿ ಕೆರೆದು, ಅಂಗೈಯಲ್ಲಿ ಉಜ್ಜಿ ಕರಗಿಸಿ, ಬಾಚಣಿಗೆ ಹಲ್ಲಿಗೆ ತೆಳ್ಳಗೆ ಸವರಿ ಬಾಚಿದೆ. ಆಗ ಕೂತಿತು. ಮದುವೆ ಫೋಟೋದಲ್ಲಿ ಬೈತಲೆ ನೆಟ್ಟಗಿದೆ. ಅವತ್ತಿನಿಂದ ನನ್ನ ರೂಢಿ ಇದೇ: ಎಣ್ಣೆ ತಲೆಗಲ್ಲ, ಹಲ್ಲಿಗೆ. ತಲೆಗೇ ಹಾಕಿದರೆ ತೆಳು ಕೂದಲು ಅಂಟಂಟಾಗಿ ಬುರುಡೆಗೆ ಮೆತ್ತಿಕೊಳ್ಳುತ್ತದೆ. ಪ್ರಯಾಣದಲ್ಲಿ ದುಪಟ್ಟಾ ಕೂಡ ಈಗ ಕಾಟನ್ನೇ. ಎಸಿ ಬಸ್ಸಲ್ಲಿ ಸೀಟಿನ ತಲೆ ಜಾಗಕ್ಕೆ ಹಾಸಿಕೊಂಡು ಒರಗುತ್ತೇನೆ.

ದೂರುಗಳೂ ಇವೆ. ಎಂಟನೇ ತಿಂಗಳಲ್ಲಿ ಒಂದು ಹಲ್ಲು ಮುರಿಯಿತು. ತಪ್ಪು ನನ್ನದೇ, ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಿನ ಸಿಕ್ಕು ಬಿಡಿಸಲು ಹೋದೆ. ಇನ್ನೊಂದು ಸಲ ಸೋಪಿನ ನೀರಲ್ಲಿ ನೆನೆಸಿಟ್ಟೆ, ಮರ ಉಬ್ಬಿ ಹಿಡಿಯ ಹತ್ತಿರ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಈಗ ಹಳೇ ಟೂತ್‌ಬ್ರಷ್‌ನಲ್ಲಿ ಒಣಗಿದಂತೆಯೇ ಉಜ್ಜುತ್ತೇನೆ, ತಿಂಗಳಿಗೊಮ್ಮೆ ಎಣ್ಣೆ ಸವರಿ ರಾತ್ರಿಯಿಡೀ ಬಿಟ್ಟು ಒರೆಸುತ್ತೇನೆ. ಬಣ್ಣ ಬೆಲ್ಲದ ಹಾಗೆ ಆಗಿದೆ. “ಹೊಟ್ಟು ಹೋಗುತ್ತೆ, ಕೂದಲು ದಟ್ಟ ಬೆಳೆಯುತ್ತೆ” ಅಂತ ಅಂಗಡಿಯಲ್ಲಿ ಹೇಳಿದ್ದರು. ನನಗಂತೂ ಎರಡೂ ಆಗಿಲ್ಲ.

ಕೊಳ್ಳುವವರು ಅಂಗಡಿಯಲ್ಲೇ ಹಲ್ಲುಗಳನ್ನು ದುಪಟ್ಟಾ ತುದಿಯ ಮೇಲೆ ಎಳೆದು ನೋಡಿ. ನೂಲು ಸಿಕ್ಕಿಕೊಂಡರೆ ಸಿಬಿರು ಉಳಿದಿದೆ ಅಂತಲೇ ಅರ್ಥ, ಕೂದಲನ್ನೂ ಹಾಗೇ ಕೀಳುತ್ತದೆ. ಪ್ಲಾಸ್ಟಿಕ್ ಕವರ್‌ನಲ್ಲಿ ಕೊಡುತ್ತಾರೆ, ಅದನ್ನು ಅಲ್ಲೇ ಬಿಟ್ಟು ಬನ್ನಿ. ನಾನು ಹಳೇ ಸೀರೆ ತುಂಡಲ್ಲಿ ಒಂದು ಚೀಲ ಹೊಲಿದುಕೊಂಡಿದ್ದೇನೆ. ಮಗಳಿಗೂ ಇಂಥದ್ದೇ ಒಂದು ತಂದುಕೊಟ್ಟೆ. ಅವಳು ಅದನ್ನು ಮೂಲೆಗಿಟ್ಟು ಹಲ್ಲು ಮುರಿದ ನನ್ನದನ್ನೇ ಬ್ಯಾಗಿಗೆ ಹಾಕಿಕೊಂಡು ಹೋಗುತ್ತಾಳೆ. ಅದು ನುಣ್ಣಗಾಗಿದೆಯಂತೆ.