ನ್ಯೂಯಾರ್ಕ್‌ನಲ್ಲಿ ಕಸದ ಸಮನ್ಸ್ ಬಂದಿದೆಯಾ? ‘ನಾವು ನೋಡ್ಕೊಳ್ತೀವಿ’ ಅನ್ನುವವರಿಂದ ದೂರ ಇರಿ

ನ್ಯೂಯಾರ್ಕ್ ನಗರದಲ್ಲಿ ಸ್ವಂತ ಮನೆ ಇರುವವರು, ಬಾಡಿಗೆಗೆ ಇರುವವರು ಇಬ್ಬರೂ ಇದನ್ನು ಓದಿ. ಮನೆ ಮುಂದೆ ಗಲೀಜಿದೆ ಅಂತ ಸಿಟಿಯಿಂದ ಸಮನ್ಸ್ (ದಂಡದ ನೋಟಿಸ್) ಬಂದರೆ, ಅದರ ಬೆನ್ನಿಗೇ ಇನ್ನೊಂದು ಕಾಗದವೋ ಫೋನೋ ಬರುತ್ತದೆ. ‘ನಿಮ್ಮ ಪರವಾಗಿ ಹಿಯರಿಂಗ್‌ಗೆ (ವಿಚಾರಣೆಗೆ) ನಾವು ಹೋಗ್ತೀವಿ, ದಂಡ ತೆಗೆಸಿಕೊಡ್ತೀವಿ’ ಅಂತ. ಇವರಿಗೆ ನಿಮ್ಮ ವಿಷಯ ಹೇಗೆ ಗೊತ್ತು ಅಂತ ಬೆರಗಾಗಬೇಡಿ. ಸಮನ್ಸ್‌ನ ವಿವರ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ನೋಡಬಹುದು. ನಮ್ಮ ಭಾವನಿಗೆ ಗಂಟುಬಿದ್ದವನೂ ಇಂಥವನೇ.

ಭಾವನದು ಕ್ವೀನ್ಸ್‌ನಲ್ಲಿ ಎರಡು ಮನೆಗಳಿರುವ ಕಟ್ಟಡ. ಕೆಳಗೆ ಅಕ್ಕ-ಭಾವ, ಮೇಲೆ ನಾವು. (ಬಾಡಿಗೆ ಕೊಡ್ತೀವಿ. ಲೆಕ್ಕದಲ್ಲಿ ಅಕ್ಕ ತಂಗಿ ಅಂತ ನೋಡೋದಿಲ್ಲ.) 2023ರ ಬೇಸಿಗೆಯಲ್ಲಿ ಬಾಗಿಲಿಗೆ ಸಮನ್ಸ್ ಅಂಟಿಸಿ ಹೋಗಿದ್ದರು. ಫುಟ್‌ಪಾತ್ ಗುಡಿಸಿಲ್ಲ ಅಂತ. ಇಲ್ಲಿ ಮನೆ ಮುಂದಿನ ಫುಟ್‌ಪಾತ್ ಅಷ್ಟೇ ಅಲ್ಲ, ಅದರ ಅಂಚಿನಿಂದ ರಸ್ತೆಯೊಳಗೆ 18 ಇಂಚು ಗುಡಿಸುವುದೂ ಮನೆಯವರದೇ ಕೆಲಸ. ಯಾರೋ ಎಸೆದು ಹೋದ ಚಿಪ್ಸ್ ಪ್ಯಾಕೆಟ್ ಗಾಳಿಗೆ ಹಾರಿ ಬಂದರೂ ಅದು ನಿಮ್ಮ ಕಸವೇ. ಕಾನೂನು ಮಾಲೀಕರ ಜೊತೆ ಬಾಡಿಗೆದಾರರನ್ನೂ ಹೆಸರಿಸಿ ಹೇಳುತ್ತದೆ. ಹಾಗಾಗಿ ‘ಅದು ಬಾಡಿಗೆಯವರು ಹಾಕಿದ್ದು’ ಅಂದರೆ ಮಾಲೀಕರು ಪಾರಾಗುವುದಿಲ್ಲ.

ಆದರೆ ನಮ್ಮ ಕಾಗದದಲ್ಲೇ ಒಂದು ಒಳ್ಳೆ ಅಂಶ ಇತ್ತು. ಇನ್‌ಸ್ಪೆಕ್ಟರ್ ನೋಡಿದ ಸಮಯ ಅಂತ ಬರೆದಿದ್ದದ್ದು ಬೆಳಿಗ್ಗೆ 11:20. ಫುಟ್‌ಪಾತ್ ಗಲೀಜಿಗೆ ವಾಸದ ಮನೆಗಳಿಗೆ ಸಮನ್ಸ್ ಕೊಡಲು ಹೊತ್ತು ಗೊತ್ತು ಮಾಡಿದ್ದಾರೆ. ಬೆಳಿಗ್ಗೆ 8ರಿಂದ 8:59, ಸಂಜೆ 6ರಿಂದ 6:59. ಇಷ್ಟನ್ನು ಹಿಯರಿಂಗ್‌ನಲ್ಲಿ ಹೇಳಿದ್ದರೆ ಸಾಕಿತ್ತು.

ಅಷ್ಟರಲ್ಲಿ ಏಜೆಂಟನ ಫೋನ್ ಬಂತು. ಭಾವನ ತಾಯಿಗೆ ಮೈಸೂರಿನಲ್ಲಿ ಕಣ್ಣಿನ ಆಪರೇಷನ್ ಇತ್ತು, ಭಾವನಿಗೆ ಊರಿಗೆ ಹೊರಡುವ ಗಡಿಬಿಡಿ. ಏಜೆಂಟ್ ಹಿಂದಿಯಲ್ಲಿ ನಯವಾಗಿ ಮಾತಾಡಿದ. ದಂಡ ನಿಂತರೆ ಮನೆಯ ಮೇಲೆ ಸಾಲದ ಹೊರೆ ಬೀಳುತ್ತದೆ ಅಂದ. ಗ್ರೀನ್ ಕಾರ್ಡ್ ಫೈಲಿಗೆ ತೊಂದರೆ ಆಗಬಹುದು ಅಂತಲೂ ಸೇರಿಸಿದ. ಕಸದ ಸಮನ್ಸ್ ಸಿವಿಲ್ ವಿಷಯ, ಪೊಲೀಸ್ ಕೇಸ್ ಅಲ್ಲ. ಆದರೆ ಆ ಮಾತು ಕಿವಿಗೆ ಬಿದ್ದ ಮೇಲೆ ಯಾರಿಗೆ ನಿದ್ದೆ ಬರುತ್ತೆ ಹೇಳಿ? ಫೋನಿನಿಂದಲೇ ದುಡ್ಡು ಕಳಿಸುವ ಜೆಲ್ (Zelle) ಮೂಲಕ 250 ಡಾಲರ್ ಹೋಯಿತು. ರಸೀದಿ ಕೇಳಿದರೆ ವಾಟ್ಸ್ಆಪ್‌ನಲ್ಲಿ ಹೆಬ್ಬೆರಳು ಎತ್ತಿದ ಚಿತ್ರ ಬಂತು, ಅಷ್ಟೇ.

ಹಿಯರಿಂಗ್ ದಿನ ಅವನು ಹೋಗಲೇ ಇಲ್ಲ. ಭಾವ ಇನ್ನೂ ಮೈಸೂರಿನಲ್ಲಿದ್ದಾಗ ಟಪಾಲಿನಲ್ಲಿ ‘ಡಿಫಾಲ್ಟ್’ ತೀರ್ಪು ಬಂತು. ಗೈರಾದರೆ ಆರೋಪ ನಿಜ ಅಂತಲೇ ತೀರ್ಪು, ದಂಡವೂ ಮೊದಲಿಗಿಂತ ಜಾಸ್ತಿ. ಅವನಿಗೆ ಫೋನ್ ಮಾಡಿದರೆ ಒಂಚೂರೂ ಅಳುಕಿಲ್ಲ. ‘ಏನೂ ಚಿಂತೆ ಇಲ್ಲ ಸರ್, ಅಪೀಲು ಹಾಕೋಣ. ಇನ್ನು 400 ಕಳಿಸಿ’ ಅಂದ.

ಮೋಸ ಇರುವುದು ಇಲ್ಲೇ. ಡಿಫಾಲ್ಟ್ ತೀರ್ಪಿನ ಮೇಲೆ ಅಪೀಲು ಹಾಕಲು ಬರುವುದೇ ಇಲ್ಲ. ಇಂಥ ಸಮನ್ಸ್‌ಗಳ ವಿಚಾರಣೆ ನಡೆಸುವುದು ಆಫೀಸ್ ಆಫ್ ಅಡ್ಮಿನಿಸ್ಟ್ರೇಟಿವ್ ಟ್ರಯಲ್ಸ್ ಅಂಡ್ ಹಿಯರಿಂಗ್ಸ್, ಎಲ್ಲರೂ ‘ಓತ್’ ಅನ್ನುತ್ತಾರೆ. ದಂಡ ಹಾಕುವ ಇಲಾಖೆ ಬೇರೆ, ಇದು ಬೇರೆ. ಮೊದಲ ಸಲ ಹಿಯರಿಂಗ್ ತಪ್ಪಿದವರು, ಡಿಫಾಲ್ಟ್ ತೀರ್ಪು ಟಪಾಲಿಗೆ ಬಿದ್ದ 75 ದಿನದೊಳಗೆ ಹೊಸ ಹಿಯರಿಂಗ್ ಕೇಳಿದರೆ ಕೊಡುತ್ತಾರೆ. 75 ದಿನ ದಾಟಿದರೆ ಒಂದು ವರ್ಷದೊಳಗೆ ಸರಿಯಾದ ಕಾರಣ ತೋರಿಸಬೇಕು. ಇದಕ್ಕೆ ಶುಲ್ಕ ಇಲ್ಲ. 400 ಡಾಲರ್ ಕಳಿಸಿ ಅವನ ‘ಅಪೀಲಿ’ಗೆ ಕಾಯುತ್ತಾ ಕೂತಿದ್ದರೆ ಆ 75 ದಿನವೂ ಕೈಬಿಟ್ಟು ಹೋಗುತ್ತಿತ್ತು.

ದುಡ್ಡು ಕಳಿಸಲಿಲ್ಲ. ಇಲ್ಲಿ ರಾತ್ರಿ ಊಟ ಮುಗಿದ ಹೊತ್ತು, ಮೈಸೂರಿನಲ್ಲಿ ಬೆಳಗಿನ ಕಾಫಿ. ಭಾವನನ್ನು ವಿಡಿಯೊ ಕಾಲ್‌ನಲ್ಲಿ ಕೂರಿಸಿಕೊಂಡು ಆನ್‌ಲೈನ್‌ನಲ್ಲಿ ಅರ್ಜಿ ತುಂಬಿದೆವು. ಹೊಸ ತಾರೀಕು ಸಿಕ್ಕಿತು. ಅವರು ವಾಪಸ್ ಬಂದ ಮೇಲೆ ಹಿಯರಿಂಗ್ ಫೋನಿನಲ್ಲೇ ನಡೆಯಿತು. ಅಧಿಕಾರಿ ಪ್ರಮಾಣ ಮಾಡಿಸಿ, ಸಮನ್ಸ್ ಓದಿ, ಏನು ಹೇಳುತ್ತೀರಿ ಅಂದರು. ಭಾವ 11:20ರ ವಿಷಯ ಹೇಳಿದರು. ಸಮನ್ಸ್ ವಜಾ ಆಯಿತು. ಏಜೆಂಟನ 250 ಮಾತ್ರ ಇವತ್ತಿಗೂ ಬಂದಿಲ್ಲ. ಸಿಟಿಯ ಸಹಾಯವಾಣಿ 311ರ ಮೂಲಕ ದೂರು ಕೊಟ್ಟಿದ್ದೇವೆ, ಅವನು ನಮ್ಮ ನಂಬರ್ ಬ್ಲಾಕ್ ಮಾಡಿದ್ದಾನೆ.

ಹಾಗಾದರೆ ಅಪೀಲು ಯಾವಾಗ? ಹಿಯರಿಂಗ್‌ಗೆ ಹೋಗಿ, ವಾದ ಮಾಡಿ, ಸೋತಾಗ. ತೀರ್ಪಿನ ದಿನದಿಂದ 30 ದಿನ ಟೈಮ್, ಟಪಾಲಿನಲ್ಲಿ ಬಂದಿದ್ದರೆ 35. ಕಷ್ಟ ಇದೆ ಅಂತ ಮನವಿ ಮಾಡಿ ವಿನಾಯಿತಿ ಸಿಗದಿದ್ದರೆ ಮೊದಲು ದಂಡ ಕಟ್ಟಿಯೇ ಅಪೀಲು ಹಾಕಬೇಕು. ಅಲ್ಲಿ ಹೊಸ ಸಾಕ್ಷಿ ಒಪ್ಪುವುದಿಲ್ಲ. ಆದ್ದರಿಂದ ಫೋಟೊ, ರಸೀದಿ, ಕ್ಯಾಮೆರಾ ದೃಶ್ಯ ಏನಿದ್ದರೂ ಹಿಯರಿಂಗ್‌ಗೇ ಕೊಡಿ. ಹಿಯರಿಂಗ್‌ಗೆ ಮುಂಚೆ ಸುಮ್ನೆ ದಂಡ ಕಟ್ಟಿಬಿಟ್ಟರೆ ಆರೋಪ ಒಪ್ಪಿಕೊಂಡ ಹಾಗೆ, ಆಮೇಲೆ ಅಪೀಲಿಲ್ಲ. ಹಾಗಂತ ಕಾಗದ ಡ್ರಾಯರಿಗೆ ಹಾಕಿ ಮರೆಯಬೇಡಿ. ಕಟ್ಟದ ದಂಡ ವಸೂಲಿಗೆ ಹೋಗಿ, ವರ್ಷಕ್ಕೆ 9% ಬಡ್ಡಿ ಬೆಳೆಯುತ್ತದೆ.

ಇಂಗ್ಲಿಷ್‌ನಲ್ಲಿ ಮಾತಾಡಲು ಅಳುಕಾದರೆ ದುಭಾಷಿ ಬೇಕು ಅಂತ ಕೇಳಿ. ಅದಕ್ಕೂ ದುಡ್ಡಿಲ್ಲ.

ನಿಮ್ಮ ಪರವಾಗಿ ಬರುವವರೆಲ್ಲ ಕಳ್ಳರು ಅಂತ ನಾನು ಹೇಳುತ್ತಿಲ್ಲ. ಅನುಮತಿ ಇಲ್ಲದೆ ಬೇಸ್‌ಮೆಂಟ್‌ನಲ್ಲಿ ಮನೆ ಮಾಡಿ ಬಾಡಿಗೆಗೆ ಕೊಟ್ಟಂಥ ದೊಡ್ಡ ಕೇಸಾದರೆ ವಕೀಲರು ಬೇಕೇ ಬೇಕು. ಅವರ ನೋಂದಣಿ ರಾಜ್ಯದ ಕೋರ್ಟುಗಳ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಸಿಗುತ್ತದೆ. ಆದರೆ ಕಸದ ಸಮನ್ಸ್‌ಗೆ? 2024ರ ನವೆಂಬರ್ 12ರಿಂದ ಒಂದರಿಂದ ಒಂಬತ್ತು ಮನೆಗಳಿರುವ ಕಟ್ಟಡಗಳಲ್ಲಿ ಕಸವನ್ನು ಮುಚ್ಚಳ ಬಿಗಿಯಾಗಿ ಕೂರುವ, 55 ಗ್ಯಾಲನ್ ಮೀರದ ಡಬ್ಬಿಯಲ್ಲೇ ಇಡಬೇಕು. ಮೊದಲ ತಪ್ಪಿಗೆ 50 ಡಾಲರ್, ಎರಡನೆಯದಕ್ಕೆ 100, ಆಮೇಲೆ 200. ಇದಕ್ಕೂ ‘ನಾವು ನೋಡ್ಕೊಳ್ತೀವಿ’ ಅಂತ ನಮ್ಮ ಬೀದಿಯಲ್ಲಿ ಕಾಗದ ಹಂಚುತ್ತಿದ್ದಾರೆ. 50 ಡಾಲರ್ ದಂಡಕ್ಕೆ 250 ಫೀಸು, ಮೂಗಿಗಿಂತ ಮೂಗುತಿ ಭಾರ ಅಲ್ವಾ?

ಈಗಾಗಲೇ ಯಾರ ಕೈಗಾದರೂ ಕೇಸ್ ಕೊಟ್ಟಿದ್ದರೆ ಅವರ ಮಾತು ಕೇಳಿ ಸುಮ್ಮನಿರಬೇಡಿ. ಸಮನ್ಸ್ ನಂಬರ್ ಹಾಕಿ ಓತ್‌ನ ವೆಬ್‌ಸೈಟಿನಲ್ಲಿ ಇವತ್ತೇ ನೋಡಿ. ಹಿಯರಿಂಗ್ ಇನ್ನೂ ಮುಂದಿದ್ದರೆ ನೀವೇ ಹೋಗಿ. ಡಿಫಾಲ್ಟ್ ಅಂತ ಕಂಡರೆ, ತೀರ್ಪು ಟಪಾಲಿಗೆ ಹಾಕಿದ ತಾರೀಕು ಹುಡುಕಿ, ಅಲ್ಲಿಂದ 75 ದಿನ ಎಣಿಸಿ.