ಕಿವಿಯಲ್ಲಿ ಓಲೆ ಇದೆ ಅಂತ ನಂಬಿ ದನ ತರಬೇಡಿ

ಕಳೆದ ವರ್ಷ ಸುಗ್ಗಿ ಮುಗಿದ ಮೇಲೆ ಸಂತೆಯಿಂದ ಒಂದು ಕಡಸು ತಂದೆ. ಹಲ್ಲು ನೋಡಿದೆ, ಸುಳಿ ನೋಡಿದೆ. ದಲ್ಲಾಳಿ ಬೆಲೆ ಕುದುರಿಸಲು ಟವೆಲ್ ಕೆಳಗೆ ಬೆರಳು ಹಿಡಿಯುವಾಗ "ಸೂಜಿ ಆಗಿದೆಯಾ?" ಅಂದೆ. "ಕಿವಿ ನೋಡಣ್ಣ, ಓಲೆ ಐತಲ್ಲ, ಇನ್ನೇನ್ ಬೇಕು" ಅಂದ. ಹಳದಿ ಓಲೆ ಇತ್ತು. ನಂಬಿದೆ.

ಆ ಓಲೆಯ ಮೇಲಿರುವುದು 12 ಅಂಕಿಯ ಗುರುತಿನ ನಂಬರು, ಅಷ್ಟೇ. ಲಸಿಕೆ ಯಾವಾಗ ಆಗಿದೆ, ಆಗಿದೆಯೋ ಇಲ್ಲವೋ ಎಂಬುದು ಪಶು ಆಸ್ಪತ್ರೆಯವರು ಆ ನಂಬರು ಹಾಕಿ ನೋಡಿದರೇ ಗೊತ್ತಾಗುವುದು.

ತಂದವನೇ ಉಳಿದ ಆರು ದನಗಳ ಜೊತೆ ಅದೇ ಗೋದಲಿಗೆ ಕಟ್ಟಿದೆ. ಐದನೇ ದಿನ ಕಡಸು ಮೇವು ಬಿಟ್ಟು ಬಾಯಿ ಚಪ್ಪರಿಸತೊಡಗಿತು, ನೂಲಿನಂತೆ ಜೊಲ್ಲು. ಹುಲ್ಲು ಚುಚ್ಚಿರಬೇಕು ಅಂದುಕೊಂಡೆ. ಮಾರನೇ ದಿನ ಕುಂಟಿತು. ಬಾಯಿ ಬಿಡಿಸಿ ನಾಲಿಗೆ ಹಿಡಿದರೆ ಚರ್ಮ ಕೈಗೇ ಸುಲಿದು ಬಂತು. ಕಾಲುಬಾಯಿ ಜ್ವರ. ವಾರದೊಳಗೆ ಏಳರಲ್ಲಿ ಐದಕ್ಕೆ ಹಿಡಿಯಿತು.

ದಲ್ಲಾಳಿಯನ್ನು ಬೈದು ಏನು ಫಲ? ಆರು ತಿಂಗಳಿಗೊಮ್ಮೆ ಬಾಗಿಲಿಗೇ ಬಂದು ಬಿಟ್ಟಿ ಹಾಕುವ ಲಸಿಕೆ. ಹಿಂದಿನ ಸುತ್ತಿನಲ್ಲಿ ಹಾಲು ಇಳಿಯುತ್ತೆ ಅಂತ ದನಗಳನ್ನು ತೋಟಕ್ಕೆ ಅಟ್ಟಿದವನು ನಾನೇ. ಇಳಿದಿದ್ದರೂ ನಾಲ್ಕು ದಿನದ ಮಾತು.

ದೊಡ್ಡವು ಉಳಿದವು. ಹೋದದ್ದು ಒಂದೂವರೆ ತಿಂಗಳ ಕರು. ಅದರ ಬಾಯಲ್ಲಿ ಒಂದು ಹುಣ್ಣೂ ಇರಲಿಲ್ಲ. ಬೆಳಿಗ್ಗೆ ಕುಡಿಯಲು ಬಿಟ್ಟೆ, ನಾಲ್ಕು ಗುಟುಕು ಎಳೆದು ಅಲ್ಲೇ ಕುಸಿಯಿತು. ಎಳೆಗರುಗಳಲ್ಲಿ ಈ ರೋಗ ನೇರ ಹೃದಯಕ್ಕೆ ಹೊಡೆಯುತ್ತದಂತೆ. ನಾಲ್ಕು ತಿಂಗಳಾಗದ ಕರುವಿಗೆ ಲಸಿಕೆ ಹಾಕುವುದಿಲ್ಲ. ತಾಯಿಗೆ ಹಾಕಿಸಿದ್ದರೆ ಗಿಣ್ಣುಹಾಲಿನಲ್ಲೇ ಒಂದಿಷ್ಟು ಕಾಪು ಸಿಗುತ್ತಿತ್ತು. ಡಾಕ್ಟರು ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಕಡಸು ಈಗಲೂ ಇದೆ. ಮೈಮೇಲೆ ಕರಡಿಯಂತೆ ಕೂದಲು, ಸ್ವಲ್ಪ ಬಿಸಿಲು ಬಿದ್ದರೂ ನಾಯಿಯಂತೆ ತೇಕುತ್ತದೆ. ವಾಸಿಯಾದ ದನಗಳಲ್ಲಿ ಕೆಲವಕ್ಕೆ ಹೀಗೇ ಉಳಿದುಬಿಡುತ್ತದೆ.

ಹೊಸ ದನ ತಂದರೆ ಮೂರು ವಾರ ದೂರ ಕಟ್ಟಿ. ಬಕೆಟ್ಟು, ಕಲಗಚ್ಚಿನ ಬಾನಿ ಬೇರೆ ಇರಲಿ. ಮೊದಲು ನಿಮ್ಮ ದನಗಳ ಕೆಲಸ ಮುಗಿಸಿ, ಆಮೇಲೆ ಅದರ ಹತ್ತಿರ ಹೋಗಿ. ಕೈಕಾಲು, ಚಪ್ಪಲಿಯಲ್ಲೂ ರೋಗ ಬರುತ್ತದೆ. ಕೊಟ್ಟಿಗೆ ತೊಳೆಯಲು 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಸಾಕು. ಜೊಲ್ಲು ಕಂಡ ದಿನವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ನನ್ನಂತೆ ಹುಲ್ಲಿನ ಮೇಲೆ ಹಾಕಬೇಡಿ. ಸಂತೆಯಲ್ಲಿ ಮುಂಗಡ ಕೊಡುವ ಮುಂಚೆ ಓಲೆಯ ಫೋಟೋ ತೆಗೆದು ನಿಮ್ಮೂರಿನ ಪಶುವೈದ್ಯರಿಗೆ ಕಳಿಸಿ.