ತೆರೆದ ತೊಲೆಗೆ ಸೀಲಿಂಗ್ ಫ್ಯಾನ್, ಮೇಲ್ಮೈ ವೈರಿಂಗ್: ದೀರ್ಘ ಬಳಕೆಯ ವಿಮರ್ಶೆ

ಫ್ಯಾನಿಗೆ ನಾಲ್ಕು ಸ್ಟಾರ್, ತೊಲೆಗೆ ಬಿಗಿಯುವ ಕ್ಲ್ಯಾಂಪಿಗೆ ಐದು, ವೈರು ಮುಚ್ಚುವ ಕೇಸಿಂಗ್ ಪಟ್ಟಿಯ ಬೆನ್ನಿಗೆ ಅಂಟಿಸಿ ಕೊಡುವ ಟೇಪಿಗೆ ಸೊನ್ನೆ. ಹಲವು ಬೇಸಿಗೆ, ಮಳೆಗಾಲ ದಾಟಿದ ಮೇಲಿನ ಅಂಕಗಳಿವು. ಸಾಮಾನು ಇಷ್ಟು: 40 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಯನ್ನು ಯು ಆಕಾರಕ್ಕೆ ಬಗ್ಗಿಸಿ, ತಳದ ನಡುವೆ 12 ಮಿ.ಮೀ. ಸರಳಿನ ಕೊಕ್ಕೆ ಬೆಸೆದ ಕ್ಲ್ಯಾಂಪ್. ಅದಕ್ಕೆ ಅಡ್ಡಲಾಗಿ ತೂರುವ ಎರಡು 10 ಮಿ.ಮೀ. ಬೋಲ್ಟು, 25 ಮಿ.ಮೀ. ಪಿವಿಸಿ ಕೇಸಿಂಗ್-ಕ್ಯಾಪಿಂಗ್, 1200 ಮಿ.ಮೀ. ಸ್ವೀಪಿನ (ರೆಕ್ಕೆ ಸುತ್ತುವ ವೃತ್ತದ ಅಡ್ಡಳತೆ) ಬಿಎಲ್‌ಡಿಸಿ, ಅಂದರೆ ಬ್ರಶ್ ಇಲ್ಲದ ಡಿಸಿ ಮೋಟಾರಿನ ಫ್ಯಾನು. ತೊಲೆ ಮರದ್ದು, ಮೇಲೆ ಇಳಿಜಾರು ಮಾಡು (ಛಾವಣಿ).

ಮೊದಲು ಕ್ಲ್ಯಾಂಪಿನ ಮಾತು, ಇಡೀ ಕೆಲಸದ ಜೀವ ಇರುವುದೇ ಅಲ್ಲಿ. ಮರದ ತೊಲೆ ಕಂಡೊಡನೆ ಕೆಳಗಿನಿಂದ ಒಂದು ಸ್ಕ್ರೂ ಹುಕ್ ತಿರುಗಿಸಿ ಫ್ಯಾನ್ ನೇತುಹಾಕುವವರೇ ಹೆಚ್ಚು. ಅಂಥ ಹುಕ್ಕಿನ ಮೇಲೆ ಬೀಳುವ ಭಾರವೆಲ್ಲ ಅದನ್ನು ಮರದಿಂದ ಕೀಳುವ ದಿಕ್ಕಿನಲ್ಲೇ ಇರುತ್ತದೆ. ಫ್ಯಾನಿನ ತೂಕ ನಾಲ್ಕೈದು ಕೆ.ಜಿ., ಸುಮ್ಮನೆ ತೂಗುತ್ತಿದ್ದರೆ ಹುಕ್ಕಿಗೆ ಅದೊಂದು ಭಾರವೇ ಅಲ್ಲ. ತೊಂದರೆ ಬರುವುದು ಗಂಟೆಗಟ್ಟಲೆ ನಡೆಯುವ ಸಣ್ಣ ನಡುಕದಿಂದ, ಜೊತೆಗೆ ಮರ ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಹಿಗ್ಗುವುದರಿಂದ. ಹಳೆಯ ತೊಲೆಯ ತಳದಲ್ಲಿ ಉದ್ದಕ್ಕೂ ಓಡಿದ ಒಣ ಬಿರುಕು ಸಾಮಾನ್ಯ. ಹುಕ್ ಅದಕ್ಕೆ ಸಿಕ್ಕಿಬಿದ್ದರೆ ಸ್ಕ್ರೂವಿನ ಹಲ್ಲುಗಳಲ್ಲಿ ಅರ್ಧ ಗಾಳಿಯನ್ನೇ ಕಚ್ಚಿಕೊಂಡಿರುತ್ತವೆ. ಇನ್ನೊಂದನ್ನು ಬಹಳ ಜನ ಗಮನಿಸುವುದಿಲ್ಲ: ಕೆಳಗಿನಿಂದ ನೋಡಿದಾಗ ಫ್ಯಾನ್ ಅಪ್ರದಕ್ಷಿಣವಾಗಿ ತಿರುಗುತ್ತದೆ, ಆದ್ದರಿಂದ ರಾಡಿನ ಮೇಲೆ ಬೀಳುವ ತಿರುಚು ಬಲ ಪ್ರದಕ್ಷಿಣ ದಿಕ್ಕಿನದು, ಅಂದರೆ ಹುಕ್ ಬಿಗಿಯುವ ಕಡೆಗೇ. ಹಿಮ್ಮುಖ ತಿರುಗಿಸುವ ಬಟನ್ ಇರುವ ಫ್ಯಾನಿನಲ್ಲಿ ಅದೇ ಬಲ ಹುಕ್ ಬಿಚ್ಚುವ ಕಡೆಗೆ ಕೆಲಸ ಮಾಡುತ್ತದೆ. ಬಿಎಲ್‌ಡಿಸಿ ಫ್ಯಾನುಗಳಲ್ಲಿ ಈಗ ಈ ಸೌಲಭ್ಯ ಹಲವದಕ್ಕಿದೆ. ಅಂಥದ್ದನ್ನು ಸ್ಕ್ರೂ ಹುಕ್ಕಿಗೆ ಹಾಕಲೇಬಾರದು.

ಯು ಕ್ಲ್ಯಾಂಪಿನಲ್ಲಿ ಭಾರ ಹೊರುವುದು ಅಡ್ಡ ಬೋಲ್ಟು. ನಟ್ಟು ಪೂರ್ತಿ ಸಡಿಲವಾದರೂ ಬೋಲ್ಟು ತೂತಿನೊಳಗೆ ಅಡ್ಡ ಮಲಗಿಯೇ ಇರುತ್ತದೆ. ಫ್ಯಾನ್ ಬೀಳುವ ಮೊದಲು ಕಟಕಟ ಸದ್ದು ಮಾಡಿ ಕರೆಯುತ್ತದೆ. ಐದು ಸ್ಟಾರ್ ಕೊಟ್ಟದ್ದು ಈ ಒಂದು ಗುಣಕ್ಕೆ.

ಹಾಕುವ ಮೊದಲು ತೊಲೆಯನ್ನು ಪರೀಕ್ಷಿಸಬೇಕು. ಆಯ್ದ ಜಾಗದ ಒಂದಡಿ ಆಚೆ ಈಚೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ಚುಚ್ಚಿ ನೋಡಿ. ಗಟ್ಟಿ ಮರದಲ್ಲಿ ತುದಿ ಒಂದೆರಡು ಮಿ.ಮೀ. ಮಾತ್ರ ಇಳಿಯುತ್ತದೆ. ಸುಲಭವಾಗಿ ಒಳಗೆ ಹೋದರೆ, ಸೂಜಿಮೊನೆ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರಿದರೆ, ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಆ ಜಾಗ ಬಿಟ್ಟುಬಿಡಿ. ಗಂಟು ಇರುವ ಕಡೆ, ತೊಲೆ ಜೋಡಿಸಿದ ಕಡೆ ಕೂಡ ಬೇಡ.

ತೂತಿನ ಎತ್ತರ ಮುಖ್ಯ. ತೊಲೆಯ ತಳಭಾಗ ಎಳೆತದಲ್ಲಿರುತ್ತದೆ, ಅಲ್ಲಿ ಕಚ್ಚು ಹಾಕುವುದು, ಕೊರೆಯುವುದು ತೊಲೆಯನ್ನೇ ದುರ್ಬಲ ಮಾಡುತ್ತದೆ. ಮೊದಲ ಬೋಲ್ಟು ತೊಲೆಯ ಎತ್ತರದ ಅರ್ಧದಲ್ಲಿ, ಎರಡನೆಯದು ಅದಕ್ಕಿಂತ 50 ಮಿ.ಮೀ. ಮೇಲೆ ಬರಲಿ, ಅಷ್ಟು ಮೇಲೆ ಮುಟ್ಟುವಷ್ಟು ಕಾಲುದ್ದ ಇರುವ ಕ್ಲ್ಯಾಂಪನ್ನೇ ಆರಿಸಿಕೊಳ್ಳಬೇಕು. ಮೇಲಿನ ತೂತು ಪಟ್ಟಿಯಲ್ಲಿ ಉದ್ದುದ್ದವಾಗಿದ್ದರೆ ಒಳ್ಳೆಯದು, ಮರ ಕುಗ್ಗಿದಾಗ ಎರಡು ಬೋಲ್ಟುಗಳ ನಡುವೆ ಸೀಳುವುದಿಲ್ಲ. ಮೂಲೆಮಟ್ಟ ಇಟ್ಟು ತೊಲೆಯ ಎರಡೂ ಮುಖದಲ್ಲಿ ಗುರುತು ಹಾಕಿ, 4 ಮಿ.ಮೀ. ಡ್ರಿಲ್ ಬಿಟ್ಟಿನಿಂದ ಎರಡೂ ಕಡೆಯಿಂದ ಕೊರೆದು ನಡುವೆ ಕೂಡಿಸಿ, ಆಮೇಲೆ 10 ಮಿ.ಮೀ. ಡ್ರಿಲ್ ಬಿಟ್ ಹಾಯಿಸಿ. ಒಂದೇ ಕಡೆಯಿಂದ ಕೊರೆದರೆ 100 ಮಿ.ಮೀ. ಅಗಲದ ತೊಲೆಯಲ್ಲೂ ಆಚೆ ಬದಿ ತೂತು ಓರೆಯಾಗಿ, ಕ್ಲ್ಯಾಂಪಿನ ತೂತಿಗೆ ಕೂರುವುದಿಲ್ಲ. ಹಳೆಯ ಗಟ್ಟಿ ಮರ ಬಿಟ್ಟನ್ನು ಸುಡುತ್ತದೆ. ಆಗಾಗ ಹೊರಗೆಳೆದು ಪುಡಿ ತೆಗೆಯುತ್ತಿರಬೇಕು.

ಬೋಲ್ಟಿನ ಉದ್ದ: ತೊಲೆಯ ಅಗಲ, ಎರಡು ಪಟ್ಟಿಗಳ ದಪ್ಪ, ವಾಷರು-ನಟ್ಟಿಗೆ 20 ಮಿ.ಮೀ. ಅಂದರೆ 100 ಮಿ.ಮೀ. ತೊಲೆಗೆ 130 ಮಿ.ಮೀ. ಬೋಲ್ಟು. ನೈಲಾನ್ ಉಂಗುರದ ಲಾಕ್ ನಟ್ಟೇ ಬೇಕು, ಈ ಜಾಗದಲ್ಲಿ ಸ್ಪ್ರಿಂಗ್ ವಾಷರನ್ನು ನಂಬಿ ಕೂರುವಂತಿಲ್ಲ. ತೊಲೆಗೂ ಪಟ್ಟಿಗೂ ನಡುವೆ ಸಂದು ಉಳಿದರೆ ನಟ್ಟು ಬಿಗಿದು ಪಟ್ಟಿಯನ್ನೇ ಬಗ್ಗಿಸಬೇಡಿ. ಗಟ್ಟಿ ಮರದ ಅಥವಾ ಪ್ಲೈವುಡ್ಡಿನ ಚಕ್ಕೆ ತುಂಬಿ ಬಿಗಿಯಿರಿ. ಆಮೇಲೆ ಫ್ಯಾನಿನ ಐದಾರು ಪಟ್ಟು ತೂಕ, ಸುಮಾರು 25–30 ಕೆ.ಜಿ., ಕೊಕ್ಕೆಗೆ ಒಂದು ಗಂಟೆ ನೇತುಹಾಕಿ ನೋಡಿ. ಕೊಕ್ಕೆ ಕೆಳಗೆ ಜರುಗಿದ ಗುರುತು ಇಲ್ಲದಿದ್ದರೆ ಮುಂದಿನ ಕೆಲಸ. ತೊಲೆಯ ಮೇಲಿನಿಂದ ಸುತ್ತಿ ತಂದ 3 ಮಿ.ಮೀ. ಉಕ್ಕಿನ ಹಗ್ಗವನ್ನು ರಾಡಿನ ಮೇಲ್ತುದಿಗೆ ಸ್ವಲ್ಪ ಸಡಿಲವಾಗಿ ಕಟ್ಟಿಬಿಟ್ಟರೆ ಇನ್ನೂ ನಿಶ್ಚಿಂತೆ.

ರಾಡಿನ ಉದ್ದದ ಲೆಕ್ಕ ಇಳಿಜಾರು ಮಾಡಿನ ಕೆಳಗೆ ಬೇರೆಯೇ. ನೆಲದಿಂದ ರೆಕ್ಕೆಗೆ 2.4 ಮೀಟರ್ ಇದ್ದರೆ ಸಲೀಸು. ರೆಕ್ಕೆಯ ಮೇಲೆ ಗಾಳಿ ಎಳೆದುಕೊಳ್ಳಲು 300 ಮಿ.ಮೀ. ತೆರವು ಬೇಕು. ಆದರೆ ಆ ತೆರವನ್ನು ಕೊಕ್ಕೆಯ ಹತ್ತಿರವಲ್ಲ, ರೆಕ್ಕೆಯ ತುದಿಯಲ್ಲಿ ಅಳೆಯಬೇಕು. ಮಾಡು 25 ಡಿಗ್ರಿ ಇಳಿಜಾರಾಗಿದ್ದರೆ ನೆತ್ತಿಯಿಂದ 600 ಮಿ.ಮೀ. ಆಚೆ ಅದು 280 ಮಿ.ಮೀ. ಕೆಳಗೆ ಬಂದಿರುತ್ತದೆ. ನೆತ್ತಿಯ ತೊಲೆಯ ತಳ ಮಾಡಿನ ನೆತ್ತಿಗಿಂತ 200 ಮಿ.ಮೀ. ಕೆಳಗಿದೆ ಎನ್ನೋಣ. ಆಗ ತೊಲೆಯ ತಳದಿಂದ ರೆಕ್ಕೆಗೆ 380 ಮಿ.ಮೀ. ಇಳಿಸಬೇಕು. ಡಬ್ಬಿಯ ಜೊತೆ ಬರುವ ಗಿಡ್ಡ ರಾಡು ಹಾಕಿದರೆ ಫ್ಯಾನ್ ತನ್ನ ಗಾಳಿಯನ್ನೇ ತಾನು ನುಂಗುತ್ತದೆ, ಕೆಳಗೆ ಕೂತವರಿಗೆ ಸದ್ದು ಮಾತ್ರ. ಫ್ಯಾನಿನಲ್ಲಿ ಗಾಳಿಯೇ ಇಲ್ಲ ಎಂಬ ದೂರುಗಳಲ್ಲಿ ಇದೂ ಒಂದು ಕಾರಣ.

ಇನ್ನು ವೈರಿಂಗ್. ಕೇಸಿಂಗ್ ಪಟ್ಟಿಯ ಟೇಪು ಬಣ್ಣ ಬಳಿದ ನುಣುಪು ಗೋಡೆಗೆ ಕೆಲಕಾಲ ಹಿಡಿದೀತು, ಮರಕ್ಕೆ ಇಲ್ಲ. ಬಿಸಿಲಿಗೆ ಕಾದ ಮಾಡಿನ ಕೆಳಗೆ ಅಂಟು ಮೆತ್ತಗಾಗಿ, ಪಟ್ಟಿ ಮೊದಲು ತುದಿಯಲ್ಲಿ, ಆಮೇಲೆ ನಡುವೆ ಜೋಲುತ್ತದೆ. ಟೇಪಿದ್ದರೂ 19 ಮಿ.ಮೀ. ಚಪ್ಪಟೆ ತಲೆಯ ಸ್ಕ್ರೂಗಳನ್ನು 45 ಸೆಂ.ಮೀ.ಗೊಂದು ಹಾಕಲೇಬೇಕು, ತುದಿಗಳಲ್ಲಿ 5 ಸೆಂ.ಮೀ. ಒಳಗೆ. ಸ್ಕ್ರೂ ತಲೆ ಕೇಸಿಂಗಿನ ತಳಕ್ಕೆ ಸಮನಾಗಿ ಕೂರಲಿ, ಎದ್ದು ನಿಂತ ತಲೆ ವೈರಿನ ಹೊದಿಕೆಯನ್ನು ಕೆರೆಯುತ್ತದೆ. ಪಿವಿಸಿ ಹಿಗ್ಗುವುದನ್ನೂ ಮರೆಯುವಂತಿಲ್ಲ: 4 ಮೀಟರ್ ಓಟದ ಪಟ್ಟಿ 20 ಡಿಗ್ರಿ ಬಿಸಿ ಏರಿದರೆ 5–6 ಮಿ.ಮೀ. ಉದ್ದವಾಗುತ್ತದೆ. ತಂಪು ಹೊತ್ತಿನಲ್ಲಿ ಮುಖಕ್ಕೆ ಮುಖ ಒತ್ತಿ ಕೂರಿಸಿದ ಪಟ್ಟಿಗಳು ಮಧ್ಯಾಹ್ನ ಹಾವಿನಂತೆ ಸೊಟ್ಟಗಾಗಿ, ಮೇಲಿನ ಮುಚ್ಚಳ ತಾನೇ ಪಟ್ಟನೆ ಹಾರುತ್ತದೆ. ಪ್ರತಿ ಕೂಡಿಕೆಯಲ್ಲಿ 3 ಮಿ.ಮೀ. ಬಿಟ್ಟರೆ ಈ ಕಾಟವಿಲ್ಲ.

ದಾರಿ ಆರಿಸುವುದರಲ್ಲಿ ಕಣ್ಣಿಗೆ ಕಾಣುವ ಅಂದವೂ ಇದೆ. ತೊಲೆಯ ಪಕ್ಕದ ಮುಖದಲ್ಲಿ, ಹಲಗೆ ಅಥವಾ ಜಂತಿ ತೊಲೆಗೆ ಕೂಡುವ ಮೇಲಿನ ಮೂಲೆಗೆ ಒತ್ತಿ ಪಟ್ಟಿ ಓಡಿಸಿದರೆ ಕೆಳಗೆ ನಿಂತವರಿಗೆ ಹೆಚ್ಚು ಕಡಿಮೆ ಕಾಣುವುದೇ ಇಲ್ಲ. ತಳದಲ್ಲಿ ಓಡಿಸಿದ ಪಟ್ಟಿ ಎಷ್ಟೇ ನೀಟಾಗಿದ್ದರೂ ಕಣ್ಣಿಗೆ ಚುಚ್ಚುತ್ತದೆ. ತೊಲೆಯ ನೆತ್ತಿಯ ಮೇಲೆ ಬಚ್ಚಿಡುವ ಆಸೆ ಹುಟ್ಟುತ್ತದೆ. ಆದರೆ ಇಲಿಗಳ ರಾಜಬೀದಿಯೂ ಅದೇ. ಇಲಿ ಕಾಟ ಇರುವ ಕಡೆ ಪಿವಿಸಿ ಬಿಟ್ಟು ಕಬ್ಬಿಣದ ಪೈಪು ಹಾಕಿ, ಪೈಪಿಗೂ ಅರ್ತಿಂಗ್ ಕೊಡಿ.

ವೈರು 1.5 ಚದರ ಮಿ.ಮೀ. ತಾಮ್ರದ್ದು ಮೂರು: ಫೇಸ್, ನ್ಯೂಟ್ರಲ್, ಅರ್ತ್. ಮೂರನೆಯದನ್ನು ಹಾಕದೆ ಉಳಿತಾಯ ಮಾಡುವ ಚಟ ಮೇಲ್ಮೈ ವೈರಿಂಗಿನಲ್ಲಿ ಹೆಚ್ಚು. ಇಲ್ಲಿ ಕ್ಲ್ಯಾಂಪೂ ರಾಡೂ ಲೋಹ; ಫ್ಯಾನಿನ ಒಳಗೆ ಸೋರಿಕೆಯಾದರೆ ಇವೆರಡೂ ಕರೆಂಟ್ ಹಿಡಿಯುತ್ತವೆ, ಒರೆಸಲು ಏಣಿ ಹತ್ತಿದವರ ಕೈ ಹೋಗುವುದೂ ಅಲ್ಲಿಗೇ. ಕೇಸಿಂಗಿನೊಳಗೆ ಎಲ್ಲೂ ಜೋಡಣೆ ಬೇಡ. ಸ್ವಿಚ್ಚಿನಿಂದ ಬಂದ ವೈರು ಕೊಕ್ಕೆಯಿಂದ 15–20 ಸೆಂ.ಮೀ. ದೂರ ತೊಲೆಯ ಪಕ್ಕಕ್ಕೆ ಕೂರಿಸಿದ ಡಬ್ಬಿಯಲ್ಲಿ ನಿಲ್ಲಲಿ, ಅಲ್ಲಿಂದ ಫ್ಯಾನಿಗೆ ಮೂರೆಳೆಯ ಮೆದು ಕೇಬಲ್. ಈ ತುಂಡು ಕೇಬಲಿನಲ್ಲಿ ಒಂದು ಸಣ್ಣ ಜೋಲು ಬಿಡಬೇಕು. ಬಿಗಿಯಾಗಿ ಎಳೆದು ಕಟ್ಟಿದರೆ ಫ್ಯಾನಿನ ಓಲಾಟವೆಲ್ಲ ಕನೆಕ್ಟರಿನ ಸ್ಕ್ರೂಗೆ ಹೋಗುತ್ತದೆ. ಎಳೆಗಳು ಅಲ್ಲಿ ಒಂದೊಂದೇ ತುಂಡಾಗಿ, ಕೊನೆಗೆ ಕಿಡಿ, ಕಪ್ಪಾದ ಪ್ಲಾಸ್ಟಿಕ್. ಎಳೆಗಳ ತುದಿಗೆ ಫೆರೂಲ್ (ಲೋಹದ ಸಣ್ಣ ಕೊಳವೆ) ಒತ್ತಿದರೆ ಇನ್ನೂ ಒಳ್ಳೆಯದು. ಡ್ರಿಲ್ಲಿಂಗ್‌ನಿಂದ ಹಿಡಿದು ಕನೆಕ್ಷನ್‌ವರೆಗೆ ಎಂಸಿಬಿ (ಮುಖ್ಯ ಬೋರ್ಡಿನ ಸುರಕ್ಷತಾ ಸ್ವಿಚ್ಚು) ಇಳಿಸಿಯೇ ಕೆಲಸ ಮಾಡಬೇಕು. ಸ್ವಿಚ್ ಆಫ್ ಮಾಡಿದ್ದೇವೆ ಎಂದುಕೊಂಡು ಏಣಿ ಹತ್ತುವಂತಿಲ್ಲ, ಹಳೆಯ ವೈರಿಂಗಿನಲ್ಲಿ ಸ್ವಿಚ್ಚು ನ್ಯೂಟ್ರಲಿಗೆ ಬಿದ್ದಿರುವುದು ಅಪರೂಪವೇನಲ್ಲ.

ಈ ಸೆಟ್ಟಿನ ನಿಜವಾದ ಕೊರತೆ ರಾಡಿನ ಮೇಲ್ತುದಿಯಲ್ಲಿ ಕೊಕ್ಕೆಯನ್ನು ಮುಚ್ಚುವ ಬಟ್ಟಲು, ಅಂದರೆ ಕಪ್. ಅದರ ಬಾಯಿ ಸುಮಾರು 120 ಮಿ.ಮೀ., ತೊಲೆ 75–100 ಮಿ.ಮೀ. ಅಗಲವಿದ್ದರೆ ಎರಡೂ ಕಡೆ ಹೊರಗೆ ಚಾಚುತ್ತದೆ, ಒಳಗೆ ದೂಳು, ಜೇಡರ ಬಲೆ. ತೊಲೆಯ ತಳಕ್ಕೆ ಅದೇ ಬಣ್ಣದ 12 ಮಿ.ಮೀ. ದಪ್ಪದ ದುಂಡು ಹಲಗೆಯನ್ನು, ನಡುವೆ ಕ್ಲ್ಯಾಂಪಿಗೆ ಜಾಗ ಕೊರೆದು ಎರಡು ಹೋಳಾಗಿ ಕೂರಿಸಿದರೆ ಸರಿಹೋಗುತ್ತದೆ. ಕೇಬಲ್ ಒಳಗೆ ಬರಲು ಕಪ್ಪಿನ ಅಂಚಿನಲ್ಲಿ ಕಚ್ಚು ಮಾಡಿದರೆ ಅಂಚನ್ನು ಅರದಿಂದ ಉಜ್ಜಿ ರಬ್ಬರ್ ಹಾಕಿ. ಹರಿತ ತಗಡು ಕೇಬಲಿಗೆ ಬ್ಲೇಡು ಇದ್ದ ಹಾಗೆ.

ಫ್ಯಾನಿನ ಬಗ್ಗೆ ಹೇಳುವುದು ಕಡಿಮೆ. ಪೂರ್ತಿ ವೇಗದಲ್ಲಿ ಸುಮಾರು 30 ವಾಟ್. ಹಳೆಯ ಇಂಡಕ್ಷನ್ ಫ್ಯಾನು 70–80 ಎಳೆಯುತ್ತಿತ್ತು. ಮರದ ತೊಲೆಗೆ ಬಿಎಲ್‌ಡಿಸಿ ಸೂಕ್ತವಾಗುವುದು ಬಿಲ್ಲಿನ ಕಾರಣಕ್ಕಿಂತ ಸದ್ದಿನ ಕಾರಣಕ್ಕೆ. ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಕಡಿಮೆ ವೇಗಕ್ಕೆ ಇಳಿಸಿದ ಇಂಡಕ್ಷನ್ ಫ್ಯಾನಿನ ಗುಂಯ್ ಎನ್ನುವ ಸದ್ದನ್ನು ತೊಲೆ, ಮೇಲಿನ ಹಲಗೆಗಳು ಹತ್ತು ಪಟ್ಟು ಮಾಡಿ ಕೇಳಿಸುತ್ತವೆ. ಹಳೆಯ ಫ್ಯಾನೇ ಇರಲಿ ಎನ್ನುವವರು ಕೆಪ್ಯಾಸಿಟರ್ ಮಾದರಿಯ ಸ್ಟೆಪ್ ರೆಗ್ಯುಲೇಟರ್ ಹಾಕಿಕೊಳ್ಳಿ. ಬಿಎಲ್‌ಡಿಸಿಗೆ ಮಾತ್ರ ಯಾವ ರೆಗ್ಯುಲೇಟರೂ ನಡುವೆ ಬರಬಾರದು, ಬೋರ್ಡಿನಿಂದ ಬಿಚ್ಚಿ ನೇರ ಕೊಡಬೇಕು. ಒಂದು ಸ್ಟಾರ್ ಕಡಿತ ರಿಮೋಟಿಗೆ: ಅದು ಕಳೆದರೆ ಗೋಡೆ ಸ್ವಿಚ್ಚಿನಿಂದ ವೇಗ ಬದಲಿಸುವ ಮಾದರಿ ಇದಲ್ಲ. ದೀಪವನ್ನು ಅದೇ ತೊಲೆಯ ಮೇಲ್ಭಾಗಕ್ಕೆ ಹಾಕಬೇಡಿ, ರೆಕ್ಕೆ ಬೆಳಕನ್ನು ಕತ್ತರಿಸಿ ಕೋಣೆಯೆಲ್ಲ ಮಿಣುಕುತ್ತದೆ.

ಓಲಾಟ ಶುರುವಾದರೆ ಎಲ್ಲರೂ ರೆಕ್ಕೆಯನ್ನೇ ದೂರುತ್ತಾರೆ. ಗೋಡೆಗೆ ಒರಗಿಸಿದ ಕೋಲಿನ ಮೇಲೆ ಒಂದು ರೆಕ್ಕೆಯ ತುದಿಗೆ ಗುರುತು ಮಾಡಿ, ಉಳಿದವನ್ನು ಕೈಯಿಂದ ತಿರುಗಿಸಿ ತಂದು ಹೋಲಿಸಿ. ವ್ಯತ್ಯಾಸ 3 ಮಿ.ಮೀ. ಒಳಗಿದ್ದರೆ ರೆಕ್ಕೆ ಸರಿಯಾಗಿದೆ, ತಪ್ಪು ಮೇಲಿದೆ: ಕ್ಲ್ಯಾಂಪಿನ ಚಕ್ಕೆ ಸಡಿಲವಾಗಿರಬಹುದು, ಕೊಕ್ಕೆಯ ಮೇಲೆ ಕೂರುವ ರಬ್ಬರ್ ಬುಷ್ ಗಟ್ಟಿಯಾಗಿ ಸವೆದಿರಬಹುದು. ದೀರ್ಘ ಬಳಕೆಯಲ್ಲಿ ಮೊದಲು ಕೈಕೊಡುವ ಭಾಗ ಈ ಬುಷ್ಷೇ. ಮಾಡಿನ ಬಿಸಿಗೆ ಅದು ಸೀಳು ಬಿಟ್ಟು, ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ, ಕಪ್ಪಿನೊಳಗೆ ಬೂದು ಪುಡಿ ಕಾಣುತ್ತದೆ. ಬುಷ್ ಬದಲಿಸುವಾಗ ರಾಡನ್ನು ಕೊಕ್ಕೆಗೆ ಹಿಡಿಸುವ ಶ್ಯಾಕಲ್ ಬೋಲ್ಟಿನ ಸ್ಪ್ಲಿಟ್ ಪಿನ್ನನ್ನೂ ಹೊಸದಾಗಿ ಹಾಕಿ, ಎರಡೂ ಕಾಲುಗಳನ್ನು ಪೂರ್ತಿ ಬಗ್ಗಿಸಿ. ಒಮ್ಮೆ ಬಗ್ಗಿಸಿ ನೆಟ್ಟಗೆ ಮಾಡಿದ ಪಿನ್ನು ಎರಡನೇ ಸಲ ಮುರಿಯುತ್ತದೆ.

ಕ್ಲ್ಯಾಂಪಿನ ನಟ್ಟುಗಳಿಗೆ ಮೊದಲ ಬೇಸಿಗೆಯ ಕೊನೆಯಲ್ಲಿ ಒಮ್ಮೆ ಪಾನಾ ಹಾಕಲೇಬೇಕು, ಅಷ್ಟರಲ್ಲಿ ಚಕ್ಕೆ ಕುಗ್ಗಿ ಕಾಲು ಸುತ್ತು ಸಡಿಲ ಸಿಗುತ್ತದೆ. ತೊಲೆ ಹೊಸ ಹಸಿ ಮರದ್ದಾದರೆ ಇನ್ನೂ ಹೆಚ್ಚು. ಆಮೇಲೆ ರೆಕ್ಕೆ ಒರೆಸುವಾಗಲೆಲ್ಲ ಒಂದು ಸಲ ಕೈಯಾಡಿಸಿದರೆ ಸಾಕು.

ಉಕ್ಕಿನ ಐ ಆಕಾರದ ತೊಲೆ ಇರುವವರಿಗೆ ಈ ಕ್ಲ್ಯಾಂಪ್ ಬೇಡ. ಅಂಚನ್ನು ಎರಡೂ ಕಡೆಯಿಂದ ಕಚ್ಚುವ, ಕೊರೆಯುವ ಅಗತ್ಯವಿಲ್ಲದ ಫ್ಲ್ಯಾಂಜ್ ಕ್ಲ್ಯಾಂಪ್ ಬೇರೆ ಸಿಗುತ್ತದೆ. ಕಾಂಕ್ರೀಟ್ ತೊಲೆಗೂ ಇದು ಹೊಂದುವುದಿಲ್ಲ. ಅದರ ತಳದಿಂದ ಸುಮಾರು 25 ಮಿ.ಮೀ. ಒಳಗೇ ಮುಖ್ಯ ಸರಳುಗಳು ಇರುವುದರಿಂದ ಕೆಳಗಿನಿಂದ ಕೊರೆಯುವುದನ್ನು ಬಿಟ್ಟು, ಎರಡೂ ಪಕ್ಕದಲ್ಲಿ ಆಂಕರ್ ಬೋಲ್ಟಿನಿಂದ ಹಿಡಿಸುವ ಅಗಲ ಪ್ಲೇಟಿನ ಬ್ರಾಕೆಟ್ ಹುಡುಕಿಕೊಳ್ಳಿ.